ಜನಗಣತಿಯವರಿಗೆ ನಾನು ಹೇಳಿದ ಸುಳ್ಳು

2011ರ ಫೆಬ್ರವರಿ. ಜನಗಣತಿಗೆಂದು ಶಾಲಾ ಶಿಕ್ಷಕಿಯೊಬ್ಬರು ನಮ್ಮ ಬಿಲ್ಡಿಂಗಿಗೆ ಬಂದಿದ್ದರು. ಗಂಡನಿಂದ ದೂರವಾಗಿದ್ದ ನನ್ನ ತಂಗಿ ಆಗ ನಮ್ಮ ಮನೆಯಲ್ಲೇ ಇದ್ದಳು. "ಮದುವೆಯಾಗಿದೆಯೇ, ಇಲ್ಲವೇ, ವಿಧವೆಯೇ, ಬೇರೆಯಾಗಿದ್ದಾರೆಯೇ, ವಿಚ್ಛೇದನವೇ?" ಎಂದು ಅವರು ಕೇಳುವ ಹೊತ್ತಿಗೆ ಸರಿಯಾಗಿ ಎದುರು ಮನೆಯ ಬಾಗಿಲು ಅರ್ಧ ತೆರೆಯಿತು. "ಮದುವೆಯಾಗಿದೆ" ಎಂದುಬಿಟ್ಟೆ. ಅಡುಗೆಮನೆಯಲ್ಲಿದ್ದ ತಂಗಿ ಕೇಳಿಸಿಕೊಂಡಳು, ಏನೂ ಅನ್ನಲಿಲ್ಲ.

ನೀವೂ ಹೀಗೆ ಮಾಡಿದ್ದೀರಾ? 1948ರ ಜನಗಣತಿ ಕಾಯ್ದೆಯನ್ನು ನಾನು ಓದಿದ್ದು ಬಹಳ ತಡವಾಗಿ. ಅದರ 15ನೇ ಕಲಮಿನಂತೆ ಗಣತಿಯ ದಾಖಲೆಯನ್ನು ತೆರೆಸಿ ನೋಡುವ ಹಕ್ಕು ಯಾರಿಗೂ ಇಲ್ಲ. ಆ ಕಾಯ್ದೆಯಡಿಯ ಮೊಕದ್ದಮೆ ಬಿಟ್ಟರೆ ಕೋರ್ಟಿನಲ್ಲಿ ಅದು ಸಾಕ್ಷ್ಯವೂ ಆಗದು. ಹೆಂಗಸು ಗಂಡನ ಹೆಸರು ಹೇಳಲೇಬೇಕೆಂದಿಲ್ಲ ಎಂದು 8ನೇ ಕಲಮು ಹೇಳುತ್ತದೆ. ನಮ್ಮಜ್ಜಿಯ ಕಾಲದ ಸಂಕೋಚ ಕಾನೂನು ಬರೆದವರಿಗೂ ಗೊತ್ತಿತ್ತು! (ಸುಳ್ಳು ಉತ್ತರಕ್ಕೆ ದಂಡವೂ ಇದೆ, ಅದನ್ನು ಮೆಲ್ಲಗೆ ಹೇಳುತ್ತೇನೆ.)

ಆದರೆ ಹೆಸರು ಮುಚ್ಚಿಟ್ಟರೆ ಸಾಕೇ? ನಮ್ಮ ಬಿಲ್ಡಿಂಗಿನ ಲೆಕ್ಕವನ್ನಷ್ಟೇ ಅಚ್ಚು ಹಾಕಿದರೆಂದುಕೊಳ್ಳಿ: ಮಾತೃಭಾಷೆ ಕನ್ನಡ, ಹೆಂಗಸು, ವಯಸ್ಸು 35ರಿಂದ 39, ಗಂಡನಿಂದ ಬೇರೆ – ಒಬ್ಬರು. ಆ ಒಬ್ಬರು ಯಾರೆಂದು ವಾಚ್‌ಮನ್ನನೂ ಹೇಳಿಯಾನು. ಪರಊರಿನಲ್ಲಿ ನಾವು ಬೆರಳೆಣಿಕೆಯವರು, ಬೇಗ ಗುರುತು ಸಿಗುತ್ತೇವೆ. ಅದಕ್ಕೇ ಇಂಥ ವಿವರಗಳನ್ನು ಪ್ರಕಟಿಸುವಾಗ ಬಿಡಿ ಮನೆಗಳ ಬದಲು ದೊಡ್ಡ ಪ್ರದೇಶದ ಮೊತ್ತವನ್ನು ಕೊಡುತ್ತಾರೆ, ವಯಸ್ಸನ್ನು ಗುಂಪು ಮಾಡುತ್ತಾರೆ. ಕೆಲವು ದೇಶಗಳಲ್ಲಿ ತೀರಾ ಸಣ್ಣ ಅಂಕಿಗಳನ್ನು ಬಿಟ್ಟುಬಿಡುತ್ತಾರೆ, ಇಲ್ಲವೇ ಬೇಕೆಂದೇ ತುಸು ಬದಲಿಸುತ್ತಾರೆ.

ಹೆಸರಿಲ್ಲದ ಲೆಕ್ಕವೂ ಕೇಡು ಮಾಡಬಲ್ಲದು. 1942ರಲ್ಲಿ ಅಮೆರಿಕ ತನ್ನಲ್ಲಿದ್ದ ಜಪಾನೀ ಮೂಲದವರನ್ನು ಶಿಬಿರಗಳಿಗೆ ಸಾಗಿಸಿದಾಗ, ಅವರು ಎಲ್ಲೆಲ್ಲಿ ಎಷ್ಟು ಮಂದಿ ಇದ್ದಾರೆಂಬ 1940ರ ಗಣತಿಯ ಅಂಕಿ ಸೈನ್ಯದ ಕೈಯಲ್ಲಿತ್ತು. ಯುದ್ಧಕಾಲದ ಕಾನೂನಿನಿಂದ ಗೌಪ್ಯತೆಯೂ ಸಡಿಲವಾಗಿ, 1943ರಲ್ಲಿ ವಾಷಿಂಗ್ಟನ್ನಿನಲ್ಲಿದ್ದವರ ಹೆಸರು, ವಿಳಾಸಗಳೂ ಹೊರಗೆ ಹೋದವು.

ಹಾಗೆಂದು ಬಾಯಿ ಮುಚ್ಚಿಕೊಂಡರೂ ನಷ್ಟ ನಮ್ಮದೇ. 2011ರ ಗಣತಿಯಲ್ಲಿ ಗಂಡನಿಂದ ಬೇರೆಯಾಗಿದ್ದ ಹೆಂಗಸರು 23 ಲಕ್ಷಕ್ಕೂ ಹೆಚ್ಚು. ಇಂಥವರಿಗೆ ಏನಾದರೂ ಮಾಡಬೇಕೆಂದು ಯಾರಾದರೂ ಹೊರಟರೆ ಹಿಡಿಯುವುದು ಆ ಅಂಕಿಯನ್ನೇ. ಅದರಲ್ಲಿ ನನ್ನ ತಂಗಿ ಇಲ್ಲ.

2021ರಲ್ಲಿ ಆಗಬೇಕಿದ್ದ ಗಣತಿ 2027ಕ್ಕೆ ಹೋಯಿತು. ಈ ಬಾರಿ ಮನೆಯವರೇ ವಿವರ ತುಂಬುವ ಸೌಕರ್ಯವನ್ನೂ ಇಟ್ಟಿದ್ದಾರೆ. ತಂಗಿಗೆ ಈಗ ತನ್ನದೇ ಮನೆಯಿದೆ. ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಸಲ ನನ್ನದನ್ನು ನಾನೇ ಬರೀತೀನಿ ಅಕ್ಕಾ" ಎಂದಳು.