ಕಾಕಿನಾಡ: ಹೆಗಲ ಮೇಲಿಂದ ಹಡಗು ಹತ್ತುವ ಅಕ್ಕಿ

ಕಾಕಿನಾಡದ ಹಳೆಯ ಬಂದರಿನಲ್ಲಿ ದೊಡ್ಡ ಹಡಗುಗಳು ದಡಕ್ಕೆ ಬರುವುದಿಲ್ಲ. ತೀರದ ನೀರಿಗೆ ಆಳ ಸಾಲದು. ಕೆಲವು ಕಿಲೋಮೀಟರ್ ಆಚೆಯೇ ಲಂಗರು ಹಾಕುತ್ತವೆ. ಹಾಗಾಗಿ ಅಕ್ಕಿಯೇ ಹಡಗಿನ ಬಳಿಗೆ ಹೋಗಬೇಕು. ಕಾಲುವೆ ದಂಡೆಯಲ್ಲಿ ಲಾರಿಯಿಂದ ಇಳಿದ ಮೂಟೆ ಬಾರ್ಜ್ ಸೇರುತ್ತದೆ, ಬಾರ್ಜನ್ನು ಟಗ್ ಎಳೆದೊಯ್ಯುತ್ತದೆ, ಅಲ್ಲಿಂದ ಹಡಗಿನದೇ ಕ್ರೇನು ಮೂಟೆಗಳನ್ನು ಮೇಲೆತ್ತುತ್ತದೆ.

ತೆರೆದ ಕಡಲಲ್ಲಿ ಇಂಥ ಕೆಲಸ ಸಾಧ್ಯವಾಗಿರುವುದು ಹೋಪ್ ದ್ವೀಪದ ದೆಸೆಯಿಂದ. ಗೋದಾವರಿ ತಂದು ಸುರಿದ ಮರಳಿನಿಂದಲೇ ಎದ್ದ ಸುಮಾರು 16 ಕಿ.ಮೀ. ಉದ್ದದ ಈ ದಿಬ್ಬ ಬಂಗಾಳ ಕೊಲ್ಲಿಯ ಅಲೆಗಳನ್ನು ತಡೆದು ನಿಂತಿದೆ. ನಮ್ಮ ಬೀದರ್ ಸೀಮೆಯಲ್ಲಿ ಹರಿಯುವ ಮಾಂಜ್ರಾ ಸೇರುವುದೂ ಗೋದಾವರಿಯನ್ನೇ. ಆ ಮರಳಿನಲ್ಲಿ ನಮ್ಮ ಮಣ್ಣೂ ಇದ್ದೀತು. 1852ರಲ್ಲಿ ಆರ್ಥರ್ ಕಾಟನ್ ಧವಳೇಶ್ವರದ ಅಣೆಕಟ್ಟೆ ಕಟ್ಟಿ ಮುಗಿಸಿದ ಮೇಲೆ ಈ ಮುಖಜ ಭೂಮಿ ಭತ್ತದ ಕಣಜವಾಯಿತು. ಈಗ ಛತ್ತೀಸಗಡ, ತೆಲಂಗಾಣದ ಅಕ್ಕಿಯೂ ಇಲ್ಲಿಗೇ ಬರುತ್ತದೆ. ಹೆಚ್ಚಿನದು ಹೋಗುವುದು ಸೆನೆಗಲ್, ಬೆನಿನ್‌ನಂಥ ಪಶ್ಚಿಮ ಆಫ್ರಿಕಾದ ದೇಶಗಳಿಗೆ. ನಾವು ಕೀಳೆಂದು ಬದಿಗಿಡುವ ನುಚ್ಚಕ್ಕಿ ಸೆನೆಗಲ್‌ನಲ್ಲಿ ಹಬ್ಬದೂಟಕ್ಕೂ ಬೇಕು.

ಲೋಡಿಂಗ್ ನಿಧಾನದ ಕೆಲಸ. 25 ಸಾವಿರ ಟನ್ ಎಂದರೆ 50 ಕಿಲೋದ 5 ಲಕ್ಷ ಮೂಟೆ. ಹಡಗಿನ ಕಬ್ಬಿಣದ ಒಡಲು ಬೆವರಿ ಅಕ್ಕಿ ಮುಗ್ಗದಿರಲೆಂದು ಮೊದಲು ಬಿದಿರು, ಚಾಪೆ, ದಪ್ಪ ಕಾಗದ ಹಾಸುತ್ತಾರೆ. ಅದರ ಮೇಲೆ ಹಮಾಲಿಗಳು ಮೂಟೆಗಳನ್ನು ಸಾಲು ತಪ್ಪದಂತೆ ಒಟ್ಟುತ್ತಾರೆ. ಒಟ್ಟಿಲು ಸಡಿಲವಾದರೆ ನಡುಗಡಲಲ್ಲಿ ಸರಕು ಜರುಗೀತು. ನಾಲ್ಕು ಹನಿ ಬಿದ್ದರೂ ಮುಚ್ಚಳ ಎಳೆದು ಕೆಲಸ ನಿಲ್ಲಿಸಲೇಬೇಕು. ಹಡಗಿನ ಮೈಮೇಲೆ ಬರೆದ ಅಂಕಿಗಳಲ್ಲಿ ನೀರು ಎಲ್ಲಿಗೇರಿದೆ ಎಂದು ನೋಡಿಯೇ ತುಂಬಿದ ತೂಕವನ್ನು ಲೆಕ್ಕ ಹಾಕುತ್ತಾರೆ. ಪಕ್ಕದ ಆಳ ನೀರಿನ ಬಂದರಿನಲ್ಲಿ ಹಡಗು ಕಟ್ಟೆಗೇ ಬಂದು ನಿಲ್ಲುತ್ತದೆ. ಆದರೆ ಈ ಊರಿನ ಜೀವಾಳ ಲಂಗರು ಬಂದರು ಎಂದೇ ನನ್ನ ಭಾವನೆ.

ಮಳೆಗಿಂತ ಗಟ್ಟಿಯಾಗಿ ಈ ಕೆಲಸ ನಿಲ್ಲಿಸುವುದು ದಿಲ್ಲಿಯ ಆದೇಶ. 2022ರ ಸೆಪ್ಟೆಂಬರಿನಲ್ಲಿ ನುಚ್ಚಕ್ಕಿ ರಫ್ತಿಗೆ ನಿಷೇಧ ಬಂತು. 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಗೂ ಬಂತು. ಅಷ್ಟರೊಳಗೆ ಲೋಡಿಂಗ್ ಶುರುವಾಗಿದ್ದ ಹಡಗುಗಳಿಗೆ ವಿನಾಯಿತಿ ಸಿಕ್ಕಿತು. ಬಿಳಿ ಅಕ್ಕಿಯ ನಿಷೇಧ ತೆರವಾದದ್ದು 2024ರ ಸೆಪ್ಟೆಂಬರಿನಲ್ಲಿ, ನುಚ್ಚಿನದು 2025ರ ಮಾರ್ಚಿನಲ್ಲಿ.

ದೇಶದೊಳಗೆ ಅಕ್ಕಿಯ ಬೆಲೆ ಏರಿದಾಗ ರಫ್ತು ತಡೆಯುವ ಅಧಿಕಾರ ಸರ್ಕಾರಕ್ಕೆ ಇರಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಹಡಗು ಬಂದರಷ್ಟೇ ಇಲ್ಲಿನ ಹಮಾಲಿಗಳಿಗೆ, ಬಾರ್ಜಿನವರಿಗೆ ಕೂಲಿ. ರಫ್ತು ನಿಂತ ತಿಂಗಳುಗಳಿಗೆ ಅವರ ಕೈಗೆ ಏನಾದರೂ ಸೇರುವ ಏರ್ಪಾಡು ನಿಷೇಧದ ಆದೇಶದ ಜೊತೆಯಲ್ಲೇ ಹೊರಡಬೇಕು.