ಪಹಣಿ ತಿದ್ದಿದ ಕೈ ಯಾರದು?

ಹಿಂದೂಪುರ, ಕಲ್ಯಾಣದುರ್ಗದ ಕಡೆಯ ನಿಮ್ಮಲ್ಲಿ ಕೆಲವರಿಗೆ ಗಡಿಯಾಚೆ ಗೌರಿಬಿದನೂರು, ಪಾವಗಡದಲ್ಲೂ ಜಮೀನಿರಬಹುದು. ಇಲ್ಲಿ ಅಡಂಗಲ್, ಅಲ್ಲಿ ಪಹಣಿ. ಎರಡೂ ಈಗ ಕಂಪ್ಯೂಟರಿನಲ್ಲಿವೆ. ಹಳೆಯ ಕಾಗದದಲ್ಲಾದರೆ ತಿದ್ದಿದವರ ಕೈಬರಹ ಉಳಿಯುತ್ತಿತ್ತು. ಕಂಪ್ಯೂಟರಿನ ಅಕ್ಷರ ಯಾರು ಒತ್ತಿದರೂ ಒಂದೇ. ಗುರುತು ಹಿಡಿಯುವುದು ಹೇಗೆ?

ದಾಖಲೆಗಳ ಕೋಷ್ಟಕ ಕಾಯುವ ಡೇಟಾಬೇಸಿಗೆ ಕೇಳಬಹುದಾದ ಎರಡು ಪ್ರಶ್ನೆಗಳು 1992ರ ಎಸ್‌ಕ್ಯೂಎಲ್ ಮಾನಕದಲ್ಲೇ ಇವೆ. ‘ಸೆಷನ್ ಯೂಸರ್’ ಎಂದರೆ ಒಳಬಂದವರು ಯಾರು. ‘ಕರೆಂಟ್ ಯೂಸರ್’ ಎಂದರೆ ಈ ಕ್ಷಣ ಯಾರ ಅಧಿಕಾರದಲ್ಲಿ ಕೆಲಸ ನಡೆದಿದೆ. ಗುಮಾಸ್ತರು ತಹಸೀಲ್ದಾರರ ಪರವಾಗಿ ಬರೆದಂತೆ, ಎರಡು ಹೆಸರೂ ಬೇರೆಯಾಗಬಹುದು. ಪ್ರತಿ ತಿದ್ದುಪಡಿಯ ಜೊತೆ ಈ ಹೆಸರನ್ನೂ ವೇಳೆಯನ್ನೂ ಬರೆದಿಟ್ಟರೆ ಅದೇ ಸಾಕ್ಷಿ.

ಆದರೆ ಕಚೇರಿಯವರೆಲ್ಲ ಒಂದೇ ಪಾಸ್‌ವರ್ಡ್ ಹಂಚಿಕೊಂಡರೆ? ಡೇಟಾಬೇಸ್ ಒಂದೇ ಹೆಸರು ಹೇಳುತ್ತದೆ. ಅದಕ್ಕೆ ಗೊತ್ತಿರುವುದೇ ಅಷ್ಟು. ಅದಕ್ಕಾಗಿಯೇ ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ, 2000ದ ದಶಕದ ಆರಂಭದಲ್ಲೇ, ಸಿಬ್ಬಂದಿಯ ಬೆರಳಚ್ಚು ಕೇಳುವ ಏರ್ಪಾಡು ಬಂತು. ಪಾಸ್‌ವರ್ಡನ್ನು ಕಿವಿಯಲ್ಲಿ ಹೇಳಬಹುದು, ಬೆರಳನ್ನು ಎರವಲು ಕೊಡಲಾಗದು.

ನಿಮ್ಮ ದಾಖಲೆಯಲ್ಲಿ ಹೆಸರು ಬದಲಾಗಿದ್ದರೆ, ‘ಕಂಪ್ಯೂಟರ್ ತಪ್ಪು’ ಎಂಬ ಮಾತಿಗೆ ಹಿಂತಿರುಗಬೇಡಿ. ಯಾವ ದಿನ, ಯಾರ ಲಾಗಿನ್‌ನಿಂದ ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಬರೆದು ಕೇಳಿ.