ಗಣಿಯೊಳಗಿನ ಮಿಂಚು

ಮಳೆಗಾಲದ ಮುಗಿಲಿನಲ್ಲಿ ಹೊಳೆಯುವ ಮಿಂಚನ್ನು ನಾವೆಲ್ಲರೂ ಕಂಡಿದ್ದೇವೆ. ಅದರ ತಮ್ಮನೊಬ್ಬನು ನೆಲದಡಿಯ ಗಣಿಗಳಲ್ಲಿಯೂ ಅಡಗಿರುತ್ತಾನೆ. ಅವನೇ ವಿದ್ಯುಚ್ಚಾಪ.

ಶಿವನಸಮುದ್ರದ ವಿದ್ಯುಚ್ಛಕ್ತಿಯು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದುದು 1902ರಲ್ಲಿ. ಆ ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿಗೂ ಚಿನ್ನವನ್ನು ತೆಗೆಯುತ್ತಿದ್ದಾರೆ. ಇಂಥ ಆಳವಾದ ಗಣಿಗಳಲ್ಲಿ ನೀರೆತ್ತುವ ಪಂಪಿಗೂ, ಗಾಳಿಯೂಡುವ ಪಂಖಕ್ಕೂ, ಅದಿರನ್ನು ಮೇಲೆಳೆಯುವ ಯಂತ್ರಕ್ಕೂ ವಿದ್ಯುತ್ತೇ ಜೀವಾಳ.

ತಂತಿಯನ್ನು ಮುಟ್ಟಿದರೆ ಅಪಾಯವೆಂಬುದನ್ನು ಮಕ್ಕಳೂ ಬಲ್ಲರು. ಆದರೆ ಮುಟ್ಟದೆ, ಮಾರು ದೂರದಲ್ಲಿ ನಿಂತವನನ್ನೂ ವಿದ್ಯುತ್ತು ಸುಡಬಲ್ಲುದು. ಅದು ಹೇಗೆ? ಗಾಳಿಯು ಸಾಧಾರಣವಾಗಿ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಸ್ವಿಚ್ಚಿನ ಪೆಟ್ಟಿಗೆಯೊಳಗೆ ಸ್ಪ್ಯಾನರೊಂದು ಜಾರಿ ಬಿದ್ದರೆ, ಇಲ್ಲವೆ ತೇವಗೊಂಡ ಧೂಳು ಎರಡು ತಾಮ್ರದ ಪಟ್ಟಿಗಳ ನಡುವೆ ಸೇತುವೆಯಾದರೆ, ಕಿಡಿ ಹಾರುತ್ತದೆ. ಆ ಕಿಡಿಯ ಕಾವಿಗೆ ಗಾಳಿಯೇ ವಾಹಕವಾಗುತ್ತದೆ. ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5,500 ಡಿಗ್ರಿ ಸೆಂಟಿಗ್ರೇಡ್. ವಿದ್ಯುಚ್ಚಾಪದ ಒಡಲಿನಲ್ಲಿ ಅದು 20,000 ಡಿಗ್ರಿಯವರೆಗೂ ಏರಬಹುದು. ತಾಮ್ರವು ಆವಿಯಾಗಿ ಹತ್ತಾರು ಸಾವಿರ ಪಾಲು ಹಿಗ್ಗಿ ಸಿಡಿಯುತ್ತದೆ. ಕರಗಿದ ಲೋಹದ ಹನಿಗಳು ನಾಲ್ಕೂ ಕಡೆಗೆ ಹಾರುತ್ತವೆ. ಗಣಿಯ ಇಕ್ಕಟ್ಟಿನಲ್ಲಿ ಹಿಂದಕ್ಕೆ ಸರಿಯಲು ಎಡೆಯೆಲ್ಲಿ?

ಅಮೆರಿಕದ ಇಂಜಿನಿಯರ್ ರಾಲ್ಫ್ ಲೀ 1982ರಲ್ಲಿ ಈ ಕಾವಿನ ಲೆಕ್ಕವನ್ನು ಬಿಡಿಸಿ ತೋರಿಸಿದನು. ಚರ್ಮದ ಒಂದು ಚದರ ಸೆಂಟಿಮೀಟರಿನ ಮೇಲೆ 1.2 ಕ್ಯಾಲೊರಿ ಬಿದ್ದರೆ ಬೊಬ್ಬೆ ಏಳುವಂಥ ಸುಟ್ಟಗಾಯವಾಗಬಹುದು. ವಿದ್ಯುತ್ಪ್ರವಾಹ ಅಷ್ಟೇ ಇದ್ದರೂ, ಚಾಪವು ಎರಡರಷ್ಟು ಹೊತ್ತು ಉರಿದರೆ ಸುಡುವ ಶಕ್ತಿಯೂ ಎರಡರಷ್ಟಾಗುತ್ತದೆ. ಇಲ್ಲಿ ಒಂದು ವಿಚಿತ್ರವುಂಟು. ಗಣಿಯ ಉದ್ದವಾದ ಕೇಬಲ್ಲುಗಳ ತಡೆಯಿಂದಾಗಿ ತುದಿಯಲ್ಲಿ ಪ್ರವಾಹವು ಕುಗ್ಗುತ್ತದೆ. ಕಾವಲಿನ ಸರ್ಕಿಟ್ ಬ್ರೇಕರ್ ಅದನ್ನು ಅಲ್ಪವೆಂದು ಬಗೆದು ತಡಮಾಡುತ್ತದೆ. ಹೀಗೆ ಕಡಿಮೆ ಪ್ರವಾಹವೇ ಹೆಚ್ಚು ಸುಡಬಹುದು! ಆದುದರಿಂದ ಕಾವಲಿನ ಉಪಕರಣಗಳನ್ನು ಕೇಬಲ್ಲಿನ ಕಟ್ಟಕಡೆಯ ತುದಿಯನ್ನೂ ಲೆಕ್ಕಕ್ಕೆ ಹಿಡಿದು ಹೊಂದಿಸಬೇಕು. ಚಾಪದ ಬೆಳಕನ್ನು ಗುರುತಿಸಿ ಕ್ಷಣಾರ್ಧದಲ್ಲಿ ವಿದ್ಯುತ್ತನ್ನು ಕಡಿಯುವ ರಿಲೇಗಳೂ ಇಂದು ಬಳಕೆಯಲ್ಲಿವೆ. ಸ್ವಿಚ್ಚನ್ನು ದೂರದಿಂದಲೇ ತಿರುಗಿಸುವ ಏರ್ಪಾಡೂ ಉಂಟು.

ಬೆಂಕಿ ಹತ್ತದ ಬಟ್ಟೆ, ಮುಖದ ಕವಚ, ಕೈಗವಸುಗಳು ಅಗತ್ಯವೇ ಸರಿ. ನೈಲಾನ್, ಪಾಲಿಯೆಸ್ಟರ್ ಉಡುಪುಗಳು ಕರಗಿ ಮೈಗಂಟುವುದರಿಂದ ಅವು ಕೂಡದು. ಆದರೆ ಬಟ್ಟೆಯು ಕಡೆಯ ಕೋಟೆಯೇ ಹೊರತು ಮೊದಲನೆಯದಲ್ಲ. ಮೊದಲು ವಿದ್ಯುತ್ತನ್ನು ನಿಲ್ಲಿಸಬೇಕು. ಸ್ವಿಚ್ಚಿಗೆ ಬೀಗ ಹಾಕಿ ಬೀಗದ ಕೈಯನ್ನು ಕೆಲಸಗಾರನೇ ತನ್ನ ಬಳಿ ಇಟ್ಟುಕೊಳ್ಳಬೇಕು. ತಂತಿಯಲ್ಲಿ ವಿದ್ಯುತ್ತಿಲ್ಲವೆಂಬುದನ್ನು, ತಕ್ಕ ರಕ್ಷಣೆಯನ್ನು ತೊಟ್ಟು, ಮಾಪಕದಿಂದ ಪರೀಕ್ಷಿಸಬೇಕು. ಆಮೇಲೆ ಅದನ್ನು ಭೂಮಿಗೆ ಜೋಡಿಸಬೇಕು.

ಇದಕ್ಕೆಲ್ಲ ಹೊತ್ತು ಹಿಡಿಯುತ್ತದೆ, ಕೆಲಸವೂ ನಿಲ್ಲುತ್ತದೆ, ನಿಜ. ಕೋಟ್ಯಂತರ ವರ್ಷ ಕಲ್ಲಿನಲ್ಲಿ ಕಾದಿರುವ ಚಿನ್ನವು ಇನ್ನೊಂದು ಗಳಿಗೆ ಕಾದರೆ ನಷ್ಟವಿಲ್ಲ. ಕಳೆದುಹೋದ ಕಣ್ಣನ್ನು ಮಾತ್ರ ಯಾವ ಗಣಿಯಿಂದಲೂ ಅಗೆದು ತರಲಾರೆವು.